ಈ ವಯಸ್ಸಿನಲ್ಲಿ ಈಜೇ?

"ನಲವತ್ತು ದಾಟಿತು, ಈಗ ಈಜು ಕಲಿಯೋದೇ? ನೋಡಿದವರು ಏನಂದಾರು?" ಈಜುಕೊಳದ ಮಾತೆತ್ತಿದರೆ ನಮ್ಮ ಹೆಚ್ಚಿನ ಸೋದರಿಯರ ಬಾಯಲ್ಲಿ ಬರುವ ಮಾತಿದು. ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕರೆತಂದು, ಟವೆಲು ಹಿಡಿದು ದಡದಲ್ಲಿ ಕೂರುವುದಷ್ಟೇ ತಾಯಿಯ ಪಾಲು ಅನ್ನೋ ಹಾಗೆ!

ಜಪಾನಿನ ಮಿಯೆಕೋ ನಾಗಾವೋಕಾ ಅವರ ವಿಷಯ ಕೇಳಿ. ಹುಟ್ಟಿದ್ದು 1914ರಲ್ಲಿ. ಮೊಣಕಾಲಿನ ತೊಂದರೆಗೆ ಮದ್ದೆಂದು ಅವರು ಈಜು ಹಿಡಿದದ್ದು 80ರ ವಯಸ್ಸಿನಲ್ಲಿ! 2015ರಲ್ಲಿ, ನೂರು ತುಂಬಿದ ಮೇಲೆ, 25 ಮೀಟರಿನ ಕೊಳದಲ್ಲಿ 1500 ಮೀಟರು ಈಜಿ ಮುಗಿಸಿದರು. ಅಂದರೆ ಆ ದಡದಿಂದ ಈ ದಡಕ್ಕೆ ಅರವತ್ತು ಸಲ. ಹಿಡಿದದ್ದು ಒಂದೂಕಾಲು ಗಂಟೆಗೆ ತುಸು ಹೆಚ್ಚು. ನೂರು ತುಂಬಿದವರಲ್ಲಿ ಅಷ್ಟು ದೂರ ಈಜಿದ ಮೊದಲಿಗರು ಅವರೇ.

ಹೀಗೆ ದೊಡ್ಡವರು ಕ್ಲಬ್ಬು ಕಟ್ಟಿಕೊಂಡು ಈಜುವುದಕ್ಕೆ 'ಮಾಸ್ಟರ್ಸ್ ಈಜು' ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. 25 ತುಂಬಿದ ಯಾರೂ ಸೇರಬಹುದು. ಪಂದ್ಯದಲ್ಲಿ ಐದೈದು ವರ್ಷಕ್ಕೊಂದು ಗುಂಪು; ಐವತ್ತರವಳು ಇಪ್ಪತ್ತೈದರವಳ ಜೊತೆ ಪೈಪೋಟಿ ಮಾಡಬೇಕಿಲ್ಲ. ಧುಮುಕಲು ಭಯವೇ? ನೀರೊಳಗಿಂದಲೇ ಹೊರಡಬಹುದು. ರಿಲೇಯಲ್ಲಂತೂ ನಾಲ್ವರ ವಯಸ್ಸನ್ನು ಕೂಡಿಸಿ ಗುಂಪು ಗೊತ್ತುಮಾಡುತ್ತಾರೆ. ಹೆಂಗಸರು ವಯಸ್ಸನ್ನು ಮುಚ್ಚಿಡದೆ ಕೂಡಿಸಿ ಹೇಳುವ ಜಾಗ ಇನ್ನೆಲ್ಲಿದೆ ಹೇಳಿ!

ಕುತ್ತಿಗೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ಮೈತೂಕದ ಹತ್ತನೇ ಒಂದು ಪಾಲು ಮಾತ್ರ. ಆದ್ದರಿಂದಲೇ ನಡೆದರೆ ನೋಯುವ ಮೊಣಕಾಲು ನೀರಿನಲ್ಲಿ ಹಗುರಾಗುತ್ತದೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕೆರೆಗೆ ಬಟ್ಟೆ ಒಗೆಯಲು ಹೋದ ತಾಯಿ, ಜಾರಿದ ಮಗುವನ್ನು ಹಿಡಿಯಹೋಗಿ ಇಬ್ಬರೂ ಮುಳುಗಿದ ಸುದ್ದಿಯನ್ನು ನಾವೆಷ್ಟು ಸಲ ಓದಿಲ್ಲ? ಈಜು ಬಲ್ಲವರೂ ಹಿಂದುಮುಂದು ನೋಡದೆ ಹಾರಬಾರದು, ಮೊದಲು ಹಗ್ಗವನ್ನೋ ಸೀರೆಯನ್ನೋ ಎಸೆಯಬೇಕು. ಈ ತಿಳಿವಳಿಕೆಯೂ ಹೆಣ್ಣಿಗೆ ಬೇಕು.

ಸೇರುವ ಮುನ್ನ ಕೆಲವು ಮಾತು:

* ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿ ಸೋರುವುದು ಇದ್ದರೆ ವೈದ್ಯರನ್ನು ಕೇಳಿಯೇ ಇಳಿಯಿರಿ.

* ಸೀರೆ, ಹತ್ತಿಯ ಚೂಡಿದಾರ ಬೇಡ. ನೆನೆದು ಭಾರವಾಗಿ ಕಾಲಿಗೆ ತೊಡರುತ್ತವೆ. ತುಂಬುತೋಳಿನ, ಪಾದದವರೆಗೆ ಬರುವ ಈಜುಡುಗೆ ಸಿಗುತ್ತದೆ. ಸಂಕೋಚಕ್ಕೆ ಕಾರಣವಿಲ್ಲ.

* ತಲೆಗೆ ಎಣ್ಣೆ ಹಚ್ಚಿ ಹೋಗಬೇಡಿ. ಮೊದಲೊಮ್ಮೆ ಸ್ನಾನ, ಈಜಿದ ಮೇಲೂ ಸ್ನಾನ. ಆಮೇಲೆ ಮೈಗೆ ಕೊಬ್ಬರಿ ಎಣ್ಣೆ ಸವರಿದರೆ ಕ್ಲೋರಿನ್ನಿಂದ ಚರ್ಮ ಒಡೆಯದು.

* ಹೊಟ್ಟೆ ಬಿರಿಯ ಉಂಡು ಇಳಿಯಬೇಡಿ. ಈಜಿದ ಮೇಲೆ ಹಸಿವು ಜೋರು. ಬೋಂಡಾ ಬದಲು ಹೆಸರುಕಾಳಿನ ಉಸಲಿ, ರಾಗಿ ಅಂಬಲಿ ಇರಲಿ.

* ಕಾವಲಿನವರಿಲ್ಲದ ಕೊಳಕ್ಕೆ ಇಳಿಯಲೇಬೇಡಿ. ಮೊದಲ ವಾರ ಎದೆಮಟ್ಟದ ನೀರಿನಲ್ಲಿ ಮುಖ ಅದ್ದಿ ಉಸಿರು ಬಿಡುವುದನ್ನಷ್ಟೇ ಕಲಿತರೂ ಸಾಕು.

ನಿಮ್ಮೂರ ಕೊಳದಲ್ಲಿ ಹೆಂಗಸರಿಗೆ ಬೇರೆ ಹೊತ್ತು ಇಲ್ಲವೇ? ಒಬ್ಬರೇ ಕೇಳಿದರೆ "ನೋಡೋಣ" ಅಂತಾರೆ. ಓಣಿಯ ಹತ್ತು ಮಂದಿ ಸೇರಿ ಅರ್ಜಿ ಕೊಡಿ, ವಾರಕ್ಕೆ ಮೂರು ದಿನ ಒಂದು ಗಂಟೆ ಕೇಳಿ. ಆ ಹತ್ತು ಮಂದಿಯೇ ನಿಮ್ಮ ಕ್ಲಬ್ಬು. ಮನೆಯವರ ತಿಂಡಿ ಅರ್ಧ ಗಂಟೆ ತಡವಾದರೆ ಯಾರೂ ಮುಳುಗುವುದಿಲ್ಲ!