ಏಳು ಎಂಎಂ ಅಂದರೆ ಎಷ್ಟು?

ಕಳೆದ ವರ್ಷ ಆಗಸ್ಟಿನಲ್ಲಿ ಪುತ್ತೂರಿನಲ್ಲಿ ನಾವು ಕೆಲವರು ಸೇರಿ ಒಂದು ಸಾಹಿತ್ಯ ಗೋಷ್ಠಿ ಮಾಡಿದೆವು. ಶಾಲು, ಹಾರ, ಫಲಕಗಳ ಬದಲು ಅತಿಥಿಗಳಿಗೆ ಮರದ ಪೆನ್ನು ಕೊಡೋಣ ಎಂದು ಸೂಚಿಸಿದ್ದು ನಾನೇ. ಕಡಬದ ಕಡೆಯ ಆಚಾರ್ರೊಬ್ಬರ ಬಳಿ ಸಣ್ಣ ಲೇತ್ ಇತ್ತು. ಹಲಸಿನ ತುಂಡುಗಳು ಅವರಲ್ಲಿದ್ದವು. ಅಡಿಕೆ ಮರ ಸುಳ್ಯದಿಂದ ಬಂತು. ಅಲ್ಲಿ ಹಳದಿ ಎಲೆ ರೋಗಕ್ಕೆ ಹೋದ ತೋಟಗಳಲ್ಲಿ ಕಡಿದು ಹಾಕಿದ ಮರಕ್ಕೆ ಬರವಿಲ್ಲ. ಪೆನ್ನುಗಳು ಚಂದವಾಗಿಯೇ ಬಂದವು. ವೇದಿಕೆಯ ಮೇಲೆ ಹಿರಿಯರೊಬ್ಬರು ಒಂದನ್ನು ಎತ್ತಿ ಹಿಡಿದು, ಯಂತ್ರಕ್ಕೆ ಅಳತೆ ಬೇಕು, ಕೈಗೆ ಅಳತೆ ಬೇಡ, ಅನುಭವವೇ ಅದರ ಅಳತೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮಾರ್ಚ್ ಹೊತ್ತಿಗೆ ಅರ್ಧದಷ್ಟು ಪೆನ್ನುಗಳು ಉದ್ದಕ್ಕೆ ಸೀಳಿದ್ದವು. ಒಬ್ಬ ಕವಿ ತನ್ನ ಪೆನ್ನಿನ ಫೋಟೊ ಕಳಿಸಿ 'ಬಿರುಕೂ ಒಂದು ಸಹಿ' ಎಂದು ಬರೆದ. ಸಮಿತಿಯ ಸಭೆಯಲ್ಲಿ ಮಾತ್ರ ಅಷ್ಟು ಕಾವ್ಯ ಇರಲಿಲ್ಲ. 'ನಮ್ಮ ಕಡೆಯ ಮರ ಪೆನ್ನಿಗೆ ಆಗುವುದಿಲ್ಲ, ಮುಂದಿನ ವರ್ಷ ರೆಡಿಮೇಡ್ ತರಿಸುವ' ಎಂದು ತೀರ್ಮಾನವಾಯಿತು. ಆಚಾರ್ರಿಗೆ ಹೋಗಬೇಕಿದ್ದ ಆರ್ಡರ್ ತಪ್ಪಿತು.

ಬಿರುಕನ್ನು ಹೊಗಳಿದ ಕವಿಯದ್ದೂ ಮರವನ್ನು ಬೈದ ಸಮಿತಿಯದ್ದೂ ಒಂದೇ ಮಾತು. ಇಬ್ಬರೂ ತೂತಿನ ಬಗ್ಗೆ ಕೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಬೇಕಿದ್ದವನು ನಾನು, ಡೊಂಕಾದದ್ದು ಹಲಸು.

ಮರದ ಪೆನ್ನಿನ ಒಳಗೆ ಏನಿದೆ ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮುಕ್ಕಾಲು ಇಂಚು ದಪ್ಪದ, ಸುಮಾರು ಐದು ಇಂಚು ಉದ್ದದ ಮರದ ತುಂಡು. ಅದನ್ನು ಎರಡು ಮಾಡಿ, ಪ್ರತಿಯೊಂದರ ನಡುವೆ ಉದ್ದಕ್ಕೂ ತೂತು ಕೊರೆದು, ಒಳಗೆ ಹಿತ್ತಾಳೆಯ ತೆಳು ಕೊಳವೆಯನ್ನು ಅಂಟಿನಿಂದ ಕೂರಿಸುತ್ತಾರೆ. ಆಮೇಲೆ ಲೇತ್‌ಗೆ ಸಿಕ್ಕಿಸಿ ಹೊರಗಿನ ಮರವನ್ನು ಕಡೆಯುತ್ತಾರೆ. ಕೊನೆಗೆ ಮೊನೆ, ಕ್ಲಿಪ್ಪು, ತಿರುಗಿಸುವ ಯಂತ್ರ ಎಲ್ಲವನ್ನೂ ಆ ಕೊಳವೆಯ ಬಾಯಿಗೆ ಒತ್ತಿ ಕೂರಿಸುತ್ತಾರೆ. ಕಡೆದು ಮುಗಿದಾಗ ತುದಿಗಳಲ್ಲಿ ಕೊಳವೆಯ ಮೇಲೆ ಉಳಿಯುವ ಮರ ಕಾಗದದ ರಟ್ಟಿನಷ್ಟು ದಪ್ಪ. ನಮ್ಮ ಕೈ ಮುಟ್ಟುವುದು ಮರವನ್ನು, ಪೆನ್ನು ನಿಂತಿರುವುದು ಕೊಳವೆಯ ಮೇಲೆ. ಮರ ಮತ್ತು ಕೊಳವೆಯ ನಡುವೆ ಎಷ್ಟು ಜಾಗ ಇರಬೇಕು ಎಂದು ನಿರ್ಧರಿಸುವುದು ಡ್ರಿಲ್ ಬಿಟ್. ನಮ್ಮ ಅಜ್ಜಂದಿರ ಮಾತಿನಲ್ಲಿ ಬೈರಿಗೆ.

ಆ ಬಿಟ್ ತಂದುಕೊಟ್ಟವನು ನಾನು. ಸ್ಲಿಮ್‌ಲೈನ್ ಎಂಬ ಸಾಮಾನ್ಯ ಮಾದರಿಯ ಕಿಟ್‌ಗೆ 7 ಮಿ.ಮೀ. ಬಿಟ್ ಬೇಕು ಎಂದು ಪೊಟ್ಟಣದಲ್ಲೇ ಅಚ್ಚಾಗಿತ್ತು. ಒಂದು 7 ಮಿ.ಮೀ. ಬಿಟ್ ತಂದು ಕೊಟ್ಟು ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಕಿಟ್‌ಗಳನ್ನು ಎರಡು ಕಡೆಯಿಂದ ತರಿಸಿದ್ದೆವು, ಕಡಿಮೆಗೆ ಸಿಕ್ಕಿತೆಂದು. ಮೊದಲ ಪೊಟ್ಟಣದ ಕೊಳವೆಗಳು ತೂತಿನೊಳಗೆ ಸಲೀಸಾಗಿ ಹೋದವು. ಎರಡನೆಯದರವು ಬಾಯಿಯಲ್ಲೇ ನಿಂತವು.

'ಇದು ಹೋಗುದಿಲ್ಲ ಮಾರಾಯ್ರೆ. ಒಂದು ಕೂದಲಿನಷ್ಟು ದೊಡ್ಡ ಬಿಟ್ ಬೇಕು' ಎಂದರು ಆಚಾರ್ರು.

'ಆಚಾರ್ರೇ, ಏಳು ಎಂಎಂ ಅಂತ ಅವರೇ ಬರೆದಿದ್ದಾರಲ್ಲ?'

'ಬರೆದದ್ದು ಅವರು. ತೂತು ಹೊಡೆಯುದು ನಾನು.'

ನನಗೆ ತಮಾಷೆ ಎನಿಸಿತು. ಕಾರ್ಯಕ್ರಮಕ್ಕೆ ನಾಲ್ಕು ದಿನ ಉಳಿದಿತ್ತು, ಹೇಗಾದರೂ ಮಾಡಿ ಎಂದೆ. ಅವರು ಮರಳುಕಾಗದವನ್ನು ಸುರುಳಿ ಮಾಡಿ ತೂತುಗಳನ್ನು ಒಳಗಿಂದ ತಿಕ್ಕಿ ಅಗಲ ಮಾಡಿದರು. ಹಾಗೆ ತಿಕ್ಕಿದ ತೂತು ಬಾಯಿಯಲ್ಲಿ ಹೆಚ್ಚು ಅಗಲ, ನಡುವಿನಲ್ಲಿ ಕಡಿಮೆ. ಅಂಟು ಎಲ್ಲ ಕಡೆ ಸಮ ನಿಲ್ಲುವುದಿಲ್ಲ. ಅಂಟಿಲ್ಲದ ಕಡೆ ಮರದ ಹಿಂದೆ ಆಸರೆಯೇ ಇಲ್ಲ. ಸೀಳಿದವುಗಳಲ್ಲಿ ಹೆಚ್ಚಿನವು ಆ ಎರಡನೆಯ ಪೊಟ್ಟಣದವು.

ಹಾಗಾದರೆ ಸರಿಯಾದ ಬಿಟ್ ಯಾವುದು? ಪೊಟ್ಟಣದ ಮೇಲಿನ 7 ಎಂಬುದು ಒಂದು ಹೆಸರು ಮಾತ್ರ. ಮನೆಗೆ 'ಆನಂದ ನಿಲಯ' ಎಂದು ಹೆಸರಿಟ್ಟ ಹಾಗೆ. ಒಳಗೆ ಹೋಗಿಯೇ ನೋಡಬೇಕು. ಕೊಳವೆಯ ಹೊರ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಬೇಕು. ಒಂದನ್ನಲ್ಲ, ಐದಾರನ್ನು, ಒಂದೊಂದನ್ನೂ ಎರಡೂ ತುದಿಯಲ್ಲಿ. ಆ ಅಳತೆಗಿಂತ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಹೆಚ್ಚೆಂದರೆ ಎರಡು ಭಾಗದಷ್ಟು ತೂತು ದೊಡ್ಡದಿರಬೇಕು. ಅಂಟಿಗೆ ಜಾಗ ಅದು. ಕೊಳವೆ ಬೆರಳಿನಲ್ಲಿ ತಳ್ಳಿದರೆ ಹೋಗಬೇಕು, ತುಂಡನ್ನು ಕವುಚಿದರೆ ತಾನಾಗಿ ಬೀಳಬಾರದು. ಬಿಗಿಯಾದರೆ ಅಂಟು ಹಚ್ಚಿದ ಕೊಳವೆ ಅರ್ಧ ದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಬಡಿದರೆ ಮರ ಸೀಳುತ್ತದೆ. ಸಡಿಲವಾದರೆ ಕೊಳವೆ ಒಂದು ಬದಿಗೆ ವಾಲಿ, ಕಡೆಯುವಾಗ ಒಂದು ಪಕ್ಕದ ಮರ ತೆಳುವಾಗಿ ಹಾರಿಹೋಗುತ್ತದೆ.

ಪೇಟೆಯ ಅಂಗಡಿಯಲ್ಲಿ ಇಂಚಿನ ಲೆಕ್ಕದ ಬಿಟ್ ಸಿಕ್ಕಿದರೆ ಇನ್ನೊಂದು ತಮಾಷೆ. ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗಕ್ಕೆ ಒಂದು ನೂಲು. ಎರಡು ನೂಲು ಎಂದರೆ 6.35 ಮಿ.ಮೀ., ಕೊಳವೆ ಹೋಗುವುದೇ ಇಲ್ಲ. ಇಂಚಿನ 32ರಲ್ಲಿ 9 ಭಾಗ ಎಂದರೆ 7.14. ಆಚಾರ್ರು ಕೇಳಿದ ಆ 'ಕೂದಲು' ಹೆಚ್ಚುಕಡಿಮೆ ಅಲ್ಲೇ ಇತ್ತು. ದಪ್ಪ ಪೆನ್ನುಗಳಿಗೆ 10 ಅಥವಾ 10.5 ಬೇಕಾಗುತ್ತದೆ, ಕೆಲವು ಫೌಂಟನ್ ಪೆನ್ನುಗಳಿಗೆ ಮುಚ್ಚಳಕ್ಕೊಂದು ಮೈಗೊಂದು ಎಂದು ಎರಡು ಬಿಟ್. ಅಲ್ಲೂ ಕ್ರಮ ಇದೇ.

ಇಷ್ಟಾದರೂ 7.1ರ ಬಿಟ್ ಯಾವಾಗಲೂ 7.1ರ ತೂತನ್ನೇ ಕೊರೆಯುತ್ತದೆ ಎಂದಲ್ಲ. ಯಂತ್ರದ ಹಿಡಿ ಸ್ವಲ್ಪ ನಡುಗಿದರೆ ತೂತು ದೊಡ್ಡದಾಗುತ್ತದೆ. ಮೊಂಡು ಬಿಟ್ ಮರವನ್ನು ಸುಡುತ್ತದೆ. ಆದ್ದರಿಂದ ಅದೇ ಮರದ ಬೇಡದ ತುಂಡಿನಲ್ಲಿ ಒಂದು ತೂತು ಹೊಡೆದು, ಕೊಳವೆ ಹಾಕಿ ನೋಡಿ, ಆಮೇಲೆ ನಿಜವಾದ ತುಂಡಿಗೆ ಕೈ ಹಾಕಬೇಕು. ಅಡಿಕೆಯ ವಿಷಯದಲ್ಲಂತೂ ಇದು ತಪ್ಪದು. ಅಡಿಕೆ ಮರದ ಗಟ್ಟಿ ಭಾಗ ಹೊರಗಿನ ಸುತ್ತು ಮಾತ್ರ, ಒಳಗೆಲ್ಲ ಮೆದು. ಕಪ್ಪು ನಾರು ಗಟ್ಟಿ, ನಾರಿನ ನಡುವೆ ಹಿಟ್ಟಿನ ಹಾಗೆ. ಬಿಟ್ ಮೆದು ಸಿಕ್ಕಿದ ಕಡೆ ಜಾರುತ್ತದೆ. ಹಲಸಿಗೆ ಸರಿಹೋದ ಬಿಟ್ಟನ್ನು ಅಡಿಕೆಗೆ ನಂಬುವ ಹಾಗಿಲ್ಲ.

ಬಿಟ್ ಒಂದೇ ಕಾರಣ ಎಂದೂ ಹೇಳಲಾರೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಆಗಸ್ಟಿನಲ್ಲಿ ಮರದ ಕೆಲಸ ಮಾಡಿಸಿದ್ದು ನಮ್ಮ ಇನ್ನೊಂದು ಜಾಣತನ. ತೇವ ಕುಡಿದ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಹಿತ್ತಾಳೆ ಜಗ್ಗುವುದಿಲ್ಲ. ಕುಗ್ಗುವುದೂ ಎಲ್ಲ ಕಡೆ ಸಮನಾಗಿ ಅಲ್ಲ. ಬೆಳವಣಿಗೆಯ ಬಳೆಗಳ ಗುಂಟ ಹೆಚ್ಚು, ಅಡ್ಡಕ್ಕೆ ಕಡಿಮೆ. ಗುಂಡಗಿನ ತೂತು ಮೊಟ್ಟೆಯಾಗಲು ಹೊರಟಾಗ ಗುಂಡಗಿನ ಕೊಳವೆ ಅಡ್ಡ ನಿಂತರೆ ಸೀಳದೆ ಇನ್ನೇನಾದೀತು?

ಈಗ 'ಕೈಗೆ ಅಳತೆ ಬೇಡ' ಎಂಬ ಮಾತಿಗೆ ಬರುತ್ತೇನೆ. ನನ್ನ ಸಂಶೋಧನೆ ಕನ್ನಡ ಕಾದಂಬರಿಗಳಲ್ಲಿ ಕೈಕೆಲಸದ ಚಿತ್ರಣದ ಮೇಲೆ. ಆ ಮಾತಿನ ಹತ್ತಾರು ರೂಪಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿವೆ, ಕೆಲವು ನನ್ನದೇ ಪ್ರಬಂಧಗಳವು. ಕೇಳಲು ಗೌರವದ ಮಾತು. ಒಳಗೆ ಅದು ಅವಮಾನ. ಆಚಾರ್ರಿಗೆ ತಿಳಿವಳಿಕೆ ಇಲ್ಲ, ವರ ಮಾತ್ರ ಇದೆ ಎಂದು ಅದರ ಅರ್ಥ. ವರ ಇರುವವನಿಗೆ ಒಳ್ಳೆಯ ಬಿಟ್ ಕೊಡಬೇಕಿಲ್ಲ, ಸಮಯ ಕೊಡಬೇಕಿಲ್ಲ, ಅವನು ಬೇಡ ಎಂದಾಗ ಕೇಳಬೇಕಿಲ್ಲ. ಬಾವಿಯ ಆಳಕ್ಕೆ ಕೋಲು, ಮನೆಯ ಆಯಕ್ಕೆ ಅಂಗುಲ ಎಂದು ಲೆಕ್ಕ ಹಾಕಿದವರು ಇದೇ ಕೈಯವರು. ರಾಜಮಹೇಂದ್ರಿಯ ರತ್ನಂ ಪೆನ್ನಿನ ಬಗ್ಗೆ ಮಾತಾಡುವಾಗ ನಾವು 1935ರ ಗಾಂಧೀಜಿಯ ಮೆಚ್ಚುಗೆಯ ಪತ್ರವನ್ನು ನೆನೆಯುತ್ತೇವೆ. ಕೈಯಲ್ಲಿ ಕಡೆದ ಆ ಎಬೊನೈಟ್ ಪೆನ್ನಿನ ಮುಚ್ಚಳದ ಮರೆ ಮೈಯ ಮರೆಗೆ ಸರಿಯಾಗಿ ಕೂರಲು ಎಷ್ಟು ಸೂಕ್ಷ್ಮ ಲೆಕ್ಕ ಬೇಕು ಎಂದು ಕೇಳುವುದಿಲ್ಲ. ಎಬೊನೈಟ್ ಎಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್, ಸುಳ್ಯದವರಿಗೆ ಪರಕೀಯ ವಸ್ತುವೇನಲ್ಲ.

ಇದೆಲ್ಲ ಸಾಹಿತ್ಯದ ಪತ್ರಿಕೆಗೆ ಎಂತಕ್ಕೆ ಎಂದು ಕೇಳುವವರು ಬಾಲವನದ ಕಡೆ ಒಮ್ಮೆ ನೋಡಬಹುದು. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ಕಾದಂಬರಿ ಬರೆಯುವ ಕಾಲದಲ್ಲೇ, 1936ರಲ್ಲಿ, ಮಕ್ಕಳಿಗೆಂದು ಮೂರು ಸಂಪುಟಗಳ 'ಬಾಲಪ್ರಪಂಚ' ಹೊರತಂದರು, ಮುಂದೆ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಕನ್ನಡದಲ್ಲಿ ಹೇಳುವುದು ಅವರಿಗೆ ಸಾಹಿತ್ಯದ ಹೊರಗಿನ ಕೆಲಸವಾಗಿರಲಿಲ್ಲ. ನಾವು ಗೋಷ್ಠಿಗಳಲ್ಲಿ ಅವರ ಕಾದಂಬರಿಗಳನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ನಮ್ಮ ಊರಿನವರಿಗೆ ಈ ಲೆಕ್ಕ ತಿಳಿಯದ್ದೂ ಅಲ್ಲ. ಆರೂವರೆ ಇಂಚಿನ ಬೋರ್‌ವೆಲ್ ತೆಗೆಸುವ ಕೃಷಿಕ, ಮೇಲಿನ ಮಣ್ಣಿನಲ್ಲಿ ಕೇಸಿಂಗ್ ಪೈಪ್ ಇಳಿಯಲು ಪೈಪಿಗಿಂತ ಅಗಲದ ತೂತು ಬೇಕು ಎಂದು ನಿದ್ದೆಯಲ್ಲೂ ಹೇಳುತ್ತಾನೆ. ಅವನ ಮಗ ಪಿಯುಸಿ ಲ್ಯಾಬಿನಲ್ಲಿ ವರ್ನಿಯರ್ ಹಿಡಿದು ಅಂಕ ತೆಗೆದಿರುತ್ತಾನೆ. ಅದೇ ಮಗ ಎಂಎ ಮುಗಿಸಿ ಪೆನ್ನು ಕೈಗೆತ್ತಿಕೊಂಡಾಗ ಮಾತ್ರ ಅಳತೆ ಎಂಬುದು ಕಲೆಯ ಶತ್ರುವಾಗುತ್ತದೆ. ನಾನು ಹೇಳುತ್ತಿರುವುದು ನನ್ನನ್ನೇ.

ಸೀಳದೆ ಉಳಿದ ಎರಡು ಪೆನ್ನುಗಳನ್ನು, ಜೊತೆಗೆ ಎರಡೂ ಪೊಟ್ಟಣದ ಉಳಿದ ಕೊಳವೆಗಳನ್ನು ಮೊನ್ನೆ ಸಮಿತಿಯ ಮೇಜಿನ ಮೇಲೆ ಇಟ್ಟೆ. ಅಳೆದು ನೋಡಿ ಎಂದೆ. ಒಬ್ಬರು ಅಳೆದರು, ಇನ್ನೊಬ್ಬರು ಮತ್ತೊಮ್ಮೆ ಅಳೆದರು. ಈ ವರ್ಷದ ಕಿಟ್‌ಗಳನ್ನು ಒಂದೇ ಕಡೆಯಿಂದ, ಡಿಸೆಂಬರಿನೊಳಗೆ ತರಿಸಬೇಕು, ಬಿಟ್ಟನ್ನು ಕೊಳವೆ ಬಂದ ಮೇಲೆ ಆಚಾರ್ರೇ ಆರಿಸಬೇಕು, ಕೆಲಸ ಫೆಬ್ರವರಿಯಲ್ಲಿ ಎಂದು ಬರೆದುಕೊಟ್ಟಿದ್ದೇನೆ. ರೆಡಿಮೇಡಿನ ಕೊಟೇಶನ್ ಕೂಡ ಅದೇ ಫೈಲಿನಲ್ಲಿದೆ. ಆಚಾರ್ರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: 'ಮರ ಈಗಲೇ ಸೀಳಿ ಒಣಗಿಸ್ಲಿಕ್ಕೆ ಹಾಕುದಾ, ಅಲ್ಲ ನಿಮ್ಮ ಮೀಟಿಂಗ್ ಆಗ್ಲಿಕ್ಕೆ ಕಾಯುದಾ?'