ದಿರ್ಹಮ್ ಏರಿತೆಂದು ಊರಿನ ಅಂಗಡಿಗೆ ಬೀಗ ಹಾಕಬೇಕೇ?

ಒಂದು ದಿರ್ಹಮ್‌ಗೆ 24 ರೂಪಾಯಿ ದಾಟಿದ ಮೇಲೆ ಜುಮಾ ಮುಗಿಸಿ ಮಸೀದಿಯ ಅಂಗಳದಲ್ಲಿ ನಿಲ್ಲುವ ಹುಡುಗರ ಮಾತು ಒಂದೇ ಕಡೆಗೆ ತಿರುಗುತ್ತಿದೆ. ‘ಈಗ ಹೋಗದಿದ್ರೆ ಇನ್ನು ಯಾವಾಗ ಹೋಗುದು?’ 2013ರ ಆರಂಭದಲ್ಲಿ ಇದೇ ದಿರ್ಹಮ್ 15 ರೂಪಾಯಿಯ ಆಸುಪಾಸಿನಲ್ಲಿತ್ತು. ಹಾಗೆ ನೋಡಿದರೆ ಅಲ್ಲಿ ದುಡಿಯುವವನಿಗೆ ಸಂಬಳ ಏರದೆಯೇ ಊರಿಗೆ ಬರುವ ಹಣ ಏರಿದೆ. ಆದರೆ ಒಂದು ವಿಷಯ ಮರೆಯಬಾರದು. ದಿರ್ಹಮ್ ಅಮೆರಿಕದ ಡಾಲರ್‌ಗೆ ಕಟ್ಟಿಹಾಕಿದ ನಾಣ್ಯ. ಅದು ಮೇಲೆ ಹೋಗಿಲ್ಲ, ನಮ್ಮ ರೂಪಾಯಿ ಕೆಳಗೆ ಬಂದಿದೆ. ಹೆಚ್ಚು ಬಂದ ಆ ಹಣದಲ್ಲೇ ಮನೆಯವರು ಈಗಿನ ಬೆಲೆಯ ಎಣ್ಣೆ, ಮೀನು, ಶಾಲೆಯ ಫೀಸು, ಸಿಮೆಂಟು ಕೊಳ್ಳಬೇಕು.

ಗಲ್ಫ್‌ಗೆ ಹೋಗುವುದು ನಮಗೆ ಹೊಸತಲ್ಲ. ಬ್ಯಾರಿಗಳು ಮೊದಲು ಬೊಂಬಾಯಿಗೆ ಹೋದರು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಅಲ್ಲಿಂದ ಮುಂದಕ್ಕೆ ದುಬೈ, ಜಿದ್ದಾ, ದಮ್ಮಾಮ್, ದೋಹಾಕ್ಕೆ ದಾಟಿದರು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾಗುವವರೆಗೂ ಹೆಚ್ಚಿನವರ ದಾರಿ ಮುಂಬೈ ಅಥವಾ ಕೇರಳದ ಮೂಲಕವೇ ಇತ್ತು. ಆ ಮೊದಲ ತಲೆಮಾರಿನವರು ಊರಲ್ಲಿ ಬಿಟ್ಟು ಹೋದದ್ದು ಕಡಿಮೆ. ಬೀಡಿ ಕಟ್ಟುವ ಮನೆ, ಬಾಡಿಗೆಯ ಸೈಕಲ್, ಯಾರದ್ದೋ ಅಂಗಡಿಯಲ್ಲಿ ದಿನಗೂಲಿ, ಇಷ್ಟೇ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಹೋಗುವ ತೀರ್ಮಾನ ಮನಸ್ಸಿಗೆ ಕಷ್ಟವಾದರೂ ಲೆಕ್ಕಕ್ಕೆ ಸುಲಭ.

ಈಗ ಹೊರಡುತ್ತಿರುವವರಲ್ಲಿ ಅನೇಕರು ಹಾಗಲ್ಲ. ಮೊಬೈಲ್ ಅಂಗಡಿ ನಡೆಸುವವನು, ಸ್ವಂತ ಪಿಕಪ್ ಇರುವವನು, ಮದುವೆ ಅಡುಗೆಯ ಕೆಲಸ ಹಿಡಿದವನು, ಖಾಸಗಿ ಶಾಲೆಯಲ್ಲಿ ಪಾಠ ಮಾಡುವವನು, ಇಂಥವರೇ ಪಾಸ್‌ಪೋರ್ಟ್ ತೆಗೆದಿಡುತ್ತಿದ್ದಾರೆ. ಅವರ ಲೆಕ್ಕದಲ್ಲಿ ಅಲ್ಲಿ ಸಿಗುವುದು ಮಾತ್ರ ಇರುತ್ತದೆ, ಇಲ್ಲಿ ನಿಂತುಹೋಗುವುದು ಇರುವುದಿಲ್ಲ.

ಒಂದು ಕಾಗದ ತೆಗೆದು ಬರೆದೇ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ನಿಮ್ಮದನ್ನು ಹಾಕಿ ನೋಡಿ. ಸಂಬಳ 1,800 ದಿರ್ಹಮ್, ಅಂದರೆ 43,200 ರೂಪಾಯಿ. ಊರಲ್ಲಿ ಅಂಗಡಿಯಿಂದ ಕೈಗೆ ಉಳಿಯುತ್ತಿದ್ದದ್ದು 25,000. ಕೇಳುವವರಿಗೆ 18,000 ರೂಪಾಯಿ ಲಾಭ ಕಾಣುತ್ತದೆ. ಕಂಪೆನಿ ರೂಮ್ ಕೊಡದಿದ್ದರೆ ಬೆಡ್ ಸ್ಪೇಸ್‌ಗೆ 500, ಊಟಕ್ಕೆ 400, ಬಸ್ಸು ಮತ್ತು ಫೋನಿಗೆ 150 ಹಾಕಿ. ಉಳಿಯುವುದು 750 ದಿರ್ಹಮ್, 18,000 ರೂಪಾಯಿ. ಅಂಗಡಿಯ ಆದಾಯಕ್ಕಿಂತ ಅದೇ ಕಡಿಮೆ! ರೂಮ್ ಮತ್ತು ಬಸ್ಸು ಕಂಪೆನಿಯದ್ದಾದರೆ ಊಟಕ್ಕೂ ಫೋನಿಗೂ 500 ಹೋಗಿ 1,300 ದಿರ್ಹಮ್, ಅಂದರೆ 31,200 ರೂಪಾಯಿ ಉಳಿಯುತ್ತದೆ. ಆಗ ನಿಜವಾದ ಹೆಚ್ಚಳ ತಿಂಗಳಿಗೆ 6,200 ರೂಪಾಯಿ. ಇಲ್ಲಿ ಅವನೊಬ್ಬನ ಊಟದ ಖರ್ಚು ಉಳಿಯಿತು ಎನ್ನಬಹುದು. ಆದರೆ ಒಬ್ಬ ಹೊರಟರೆ ಮನೆಯ ಅಕ್ಕಿ, ಕರೆಂಟ್ ಬಿಲ್ಲು ಎಷ್ಟು ಕಡಿಮೆಯಾಗುತ್ತದೆ ಎಂದು ಉಮ್ಮನವರನ್ನೇ ಕೇಳಿ ನೋಡಿ.

ಸಂಬಳ 4,000 ದಿರ್ಹಮ್ ಆದರೆ ಮಾತೇ ಬೇರೆ. ಕೈಯಲ್ಲಿ ಕಸುಬು ಅಥವಾ ಸರ್ಟಿಫಿಕೇಟ್ ಇದ್ದು ಹೋಗುವವನನ್ನು ತಡೆಯಲು ಈ ಲೇಖನ ಬರೆಯುತ್ತಿಲ್ಲ.

ಹೆಚ್ಚು ಹೇಳಬೇಕಾದದ್ದು ವಿಸಿಟ್ ವೀಸಾದ ವಿಷಯ. ‘ವಿಸಿಟ್‌ನಲ್ಲಿ ಬಾ, ಇಲ್ಲಿ ಬಂದ ಮೇಲೆ ಕೆಲಸ ನೋಡುವಾ’ ಎಂದು ಅಲ್ಲಿಂದ ಮಾವನೋ ಗೆಳೆಯನೋ ಹೇಳುತ್ತಾರೆ. ಹಿಂದೆ ಹಾಗೆ ಹೋಗಿ ನೆಲೆ ನಿಂತವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಆದ್ದರಿಂದಲೇ ಈ ಸಲಹೆ ಇನ್ನೂ ಓಡುತ್ತಿದೆ. ಆದರೆ 2024ರ ಆಗಸ್ಟ್‌ನಲ್ಲಿ ಯುಎಇ ತನ್ನ ಕಾರ್ಮಿಕ ಕಾನೂನನ್ನು ಬಿಗಿ ಮಾಡಿದೆ. ವರ್ಕ್ ಪರ್ಮಿಟ್ ಇಲ್ಲದವನನ್ನು ಕೆಲಸಕ್ಕೆ ಇಟ್ಟುಕೊಂಡರೆ ಮಾಲಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ. ಇದರ ಅರ್ಥವೇನು? ಕಾನೂನಿಗೆ ಹೆದರುವ ಒಳ್ಳೆಯ ಕಂಪೆನಿ ವಿಸಿಟ್‌ನಲ್ಲಿ ಬಂದವನನ್ನು ಪೇಪರ್ ಆಗುವವರೆಗೆ ಕೆಲಸಕ್ಕೆ ಹತ್ತಿಸುವುದಿಲ್ಲ. ‘ನಾಳೆಯಿಂದಲೇ ಬಾ, ಪೇಪರ್ ಆಮೇಲೆ ಮಾಡುವಾ’ ಎನ್ನುವವನು ಕಾನೂನಿಗೆ ಹೆದರದವನು. ಅವನು ನಿಮ್ಮ ಸಂಬಳಕ್ಕೂ ಹೆದರುವುದಿಲ್ಲ. ಎರಡು ತಿಂಗಳು ದುಡಿಸಿ ಹೊರಗೆ ಹಾಕಿದರೆ ದೂರು ಕೊಡಲು ಹೋಗುವ ನೀವೇ ಅಲ್ಲಿ ತಪ್ಪಿತಸ್ಥರಾಗಿ ನಿಲ್ಲಬೇಕಾಗುತ್ತದೆ.

ಅವಧಿ ಮೀರಿ ನಿಂತರೆ ದಿನಕ್ಕೆ 50 ದಿರ್ಹಮ್ ದಂಡ. ಒಂದು ತಿಂಗಳಿಗೆ 1,500 ದಿರ್ಹಮ್, ನಮ್ಮ 36,000 ರೂಪಾಯಿ. 2024ರ ಸೆಪ್ಟಂಬರ್‌ನಿಂದ ಡಿಸೆಂಬರ್‌ವರೆಗೆ ಯುಎಇ ಕ್ಷಮಾದಾನ ಕೊಟ್ಟಾಗ ದಂಡವಿಲ್ಲದೆ ಹೊರಬರಲು ಅವಕಾಶ ಇತ್ತು. ಅಂಥದ್ದು ಪ್ರತಿವರ್ಷ ಬರುವುದಿಲ್ಲ.

ಇನ್ನೊಂದು ನಷ್ಟ ಹೊರಡುವಾಗ ಕಣ್ಣಿಗೆ ಕಾಣುವುದಿಲ್ಲ. ಎಸೆಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಇಸಿಆರ್ ಎಂದು ಮುದ್ರೆ ಇರುತ್ತದೆ. ಅವರು ಕೆಲಸದ ವೀಸಾದಲ್ಲಿ ಗಲ್ಫ್‌ಗೆ ಹೋಗುವಾಗ ಇ-ಮೈಗ್ರೇಟ್‌ನಲ್ಲಿ ಸರಕಾರದ ಅನುಮತಿ ಪಡೆಯಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ವಿಸಿಟ್‌ನಲ್ಲಿ ಹೋದವನು ಈ ಲೆಕ್ಕದ ಹೊರಗೆ. ಕಟ್ಟಡದಿಂದ ಬಿದ್ದರೆ ಅವನು ಸರಕಾರದ ಕಡತದಲ್ಲಿ ಕಾರ್ಮಿಕನೇ ಅಲ್ಲ, ಪ್ರವಾಸಿ.

ಈಗ ಹಣದ ವಿಷಯಕ್ಕೆ ಬರೋಣ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ಯಾರನ್ನೂ ವಿದೇಶಕ್ಕೆ ಕೆಲಸಕ್ಕೆ ಕಳಿಸುವಂತಿಲ್ಲ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಯುಎಇ ಮತ್ತು ಸೌದಿಯ ಕಾನೂನು ನೇಮಕಾತಿಯ ಖರ್ಚನ್ನು ಮಾಲಕನ ತಲೆಗೆ ಹಾಕಿದೆ. ಹಾಗಿದ್ದರೆ ‘ವೀಸಾದ ಬೆಲೆ’ ಎಂದು ಲಕ್ಷಗಟ್ಟಲೆ ಕೇಳುವುದು ಯಾವುದಕ್ಕೆ? ‘ಆಝಾದ್ ವೀಸಾ’ ಎಂದು ನಾವು ಕರೆಯುವುದಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ. ಒಬ್ಬನ ಹೆಸರಲ್ಲಿ ವೀಸಾ, ಇನ್ನೊಬ್ಬನ ಹತ್ತಿರ ಕೆಲಸ. ಕಫೀಲನಿಗೆ ವರ್ಷವರ್ಷ ಕಪ್ಪ. ಅವನು ಒಂದು ದಿನ ಮುನಿಸಿಕೊಂಡು ‘ಹುರೂಬ್’ ಹಾಕಿದರೆ ಬೆಳಗಾಗುವಷ್ಟರಲ್ಲಿ ಇಕಾಮ ಇದ್ದವನು ಓಡಿಹೋದವನಾಗುತ್ತಾನೆ.

ಇದರಲ್ಲಿ ನಾವು ಬಾಯಿಬಿಟ್ಟು ಹೇಳದ ಒಂದು ಸಂಗತಿ ಉಂಟು. ಈ ವೀಸಾಗಳನ್ನು ಮಾರುವವರು ಎಷ್ಟೋ ಸಲ ಅಪರಿಚಿತರಲ್ಲ, ನಮ್ಮವರೇ. ಭಾವ, ಅಕ್ಕನ ಗಂಡನ ತಮ್ಮ, ಮೊಹಲ್ಲಾದ ಹಿರಿಯನ ಮಗ. ಮೋಸವಾದರೆ ಪೊಲೀಸ್ ಠಾಣೆಗೆ ಹೋಗಲು ನಾಚಿಕೆ, ಸಂಬಂಧ ಕೆಡುವ ಹೆದರಿಕೆ. ಜಮಾಅತ್‌ನಲ್ಲಿ ಕೂತು ಮಾತಾಡಿ ಅರ್ಧ ಹಣ ಕೊಡಿಸಿ ಮುಗಿಸುತ್ತಾರೆ. ಅವನು ಮುಂದಿನ ತಿಂಗಳು ಇನ್ನೊಬ್ಬನಿಗೆ ವೀಸಾ ಕೊಡುತ್ತಾನೆ. ಸಂಬಂಧ ಉಳಿಸುವ ನಮ್ಮ ಈ ಪದ್ಧತಿ ಮೋಸವನ್ನೂ ಉಳಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಮತ್ತೆ ಆ ಲಕ್ಷ ಎಲ್ಲಿಂದ ಬರುತ್ತದೆ? ಹೆಂಡತಿಯ ಚಿನ್ನದಿಂದ. ಮಹ್ರ್‌ನ ಚಿನ್ನ ಅವಳ ಹಕ್ಕು, ತವರಿನಿಂದ ಬಂದದ್ದೂ ಅವಳದ್ದೇ. ಅದನ್ನು ಅಡವಿಡುವುದೆಂದರೆ ಗಂಡ ಅವಳಿಂದ ಸಾಲ ತೆಗೆದುಕೊಂಡ ಹಾಗೆ. ಎಷ್ಟು ಪವನ್, ಯಾವಾಗ ಬಿಡಿಸಿ ಕೊಡುವುದು ಎಂದು ಬರೆದಿಟ್ಟ ಗಂಡಂದಿರು ಎಷ್ಟು ಮಂದಿ? ‘ಹೋಗ್ಲಾ ಬೇಡ್ವಾ’ ಎಂದು ಉಪ್ಪ, ಕಾಕ, ಭಾವ ಎಲ್ಲರೂ ಕೂತು ತೀರ್ಮಾನ ಮಾಡುವ ಹೊತ್ತಿಗೆ ಅವಳು ಒಳಗೆ ಚಹಾ ಮಾಡುತ್ತಿರುತ್ತಾಳೆ. ಮುಂದಿನ ಎರಡು ವರ್ಷ ಮಕ್ಕಳ ಜ್ವರ, ಅತ್ತೆಯ ಆಸ್ಪತ್ರೆ, ಸೊಸೈಟಿಯ ಕಂತು ಎಲ್ಲವೂ ಅವಳ ತಲೆಯ ಮೇಲೆ.

ಸೌದಿಯ ಬಗ್ಗೆಯೂ ಎರಡು ಮಾತು. ಕಫಾಲ ಪೂರ್ತಿ ರದ್ದಾಯಿತು ಎಂಬ ಸಂದೇಶ 2025ರಲ್ಲಿ ವಾಟ್ಸಾಪ್‌ನಲ್ಲಿ ಜೋರಾಗಿ ಓಡಾಡಿತು. 2021ರ ಮಾರ್ಚ್‌ನಿಂದ ಜಾರಿಯಾದ ಸುಧಾರಣೆಯಲ್ಲಿ ಒಂದು ವರ್ಷ ದುಡಿದ ಮೇಲೆ ಮಾಲಕನ ಒಪ್ಪಿಗೆ ಇಲ್ಲದೆ ಬೇರೆ ಕಂಪೆನಿಗೆ ಹೋಗಲು, ಊರಿಗೆ ಬಂದುಹೋಗಲು ಅವಕಾಶ ಬಂತು ಎನ್ನುವುದು ನಿಜ. ಆದರೆ ಆ ಸುಧಾರಣೆ ಮನೆಕೆಲಸದವರನ್ನು, ಮನೆಯ ಡ್ರೈವರ್‌ಗಳನ್ನು, ಕುರಿ ಕಾಯುವವರನ್ನು ಹೊರಗಿಟ್ಟಿತ್ತು. ಅವರಿಗೆ ಬೇರೆಯೇ ನಿಯಮ. ನಮ್ಮವರಲ್ಲಿ ಹೌಸ್ ಡ್ರೈವರ್ ವೀಸಾದಲ್ಲಿ ಹೋಗುವವರು ಕಡಿಮೆಯೇ? ವೀಸಾದಲ್ಲಿ ಬರೆದ ಹುದ್ದೆ ಯಾವುದು ಎಂದು ನೋಡದೆ ವಾಟ್ಸಾಪ್ ನಂಬಿ ಹೊರಡಬಾರದು. ಕುಟುಂಬ ಕರೆಸಿಕೊಳ್ಳುವ ಆಸೆ ಇದ್ದವರು 2017ರ ಜುಲೈಯಲ್ಲಿ ಶುರುವಾದ ಲೆವಿಯನ್ನು ನೆನಪಿಡಬೇಕು. ತಲೆಗೆ ತಿಂಗಳಿಗೆ 100 ರಿಯಾಲ್ ಇದ್ದದ್ದು 2020ಕ್ಕೆ 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳಿಗೆ ವರ್ಷಕ್ಕೆ 19,200 ರಿಯಾಲ್. ಮಕ್ಕಳ ಶಾಲೆ ಬಿಡಿಸಿ ಊರಿಗೆ ಕಳಿಸಿದ ಮನೆಗಳು ಆಗ ನಮ್ಮ ಸುತ್ತ ಬಹಳ ಇದ್ದವು. ಇನ್ನು ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್ ಮುಂತಾದವರು ಸೌದಿಗೆ ಹೊರಡುವ ಮೊದಲು ಇಲ್ಲಿಯೇ ಕೌಶಲ ಪರೀಕ್ಷೆ ಪಾಸಾಗಬೇಕು. ‘ಹೋಗಿ ಕಲಿಯುವುದು’ ಎಂಬ ಕಾಲ ಮುಗಿಯುತ್ತಾ ಬಂದಿದೆ.

ಆಫರ್ ಲೆಟರ್ ಕೈಗೆ ಬಂದರೆ ಒಟ್ಟು ಸಂಬಳದ ಅಂಕಿಯನ್ನು ಮಾತ್ರ ನೋಡಿ ಖುಷಿಪಡಬೇಡಿ. ಬೇಸಿಕ್ ಎಷ್ಟು ಎಂದು ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿ ಬೇಸಿಕ್‌ನ ಮೇಲೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ. 1,800ರಲ್ಲಿ ಬೇಸಿಕ್ 800 ಮಾತ್ರ ಆಗಿದ್ದರೆ ಐದು ವರ್ಷಕ್ಕೆ 2,800 ದಿರ್ಹಮ್, ಅಂದರೆ 67,200 ರೂಪಾಯಿ. ಬೇಸಿಕ್ 1,500 ಆಗಿದ್ದರೆ 5,250 ದಿರ್ಹಮ್, 1,26,000 ರೂಪಾಯಿ. ಸಂಬಳ ಒಂದೇ, ಕಾಗದದಲ್ಲಿ ಹಂಚಿದ ರೀತಿಯಿಂದ ಅರ್ಧಕ್ಕರ್ಧ ಹೋಯಿತು. 2023ರಿಂದ ಅಲ್ಲಿ ಕಡ್ಡಾಯವಾದ ಉದ್ಯೋಗ ನಷ್ಟ ವಿಮೆಯೂ ಹಾಗೆಯೇ. ತಿಂಗಳಿಗೆ 5 ದಿರ್ಹಮ್ ಕಟ್ಟಿ, ಸತತ 12 ತಿಂಗಳು ಆದ ಮೇಲೆ, ತನ್ನ ತಪ್ಪಿಲ್ಲದೆ ಕೆಲಸ ಹೋದರೆ ಬೇಸಿಕ್‌ನ ಶೇ.60ರಂತೆ ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತದೆ. 5 ದಿರ್ಹಮ್ ಉಳಿಸಲು ಹೋದವನಿಗೆ 400 ದಿರ್ಹಮ್ ದಂಡ ಬೀಳುತ್ತದೆ. ಕತಾರ್‌ನಲ್ಲಿ 2021ರಿಂದ 1,000 ರಿಯಾಲ್ ಕನಿಷ್ಠ ವೇತನ ಇದೆ. ಯುಎಇಯಲ್ಲಿ ವಿದೇಶಿ ಕಾರ್ಮಿಕನಿಗೆ ಅಂಥ ಗೆರೆ ಇಲ್ಲ, ಕಾಗದದಲ್ಲಿ ಬರೆದದ್ದೇ ಗೆರೆ.

ಹಿಂತಿರುಗಿ ಬಂದವನಿಗೆ ಏನುಂಟು? ಕೇರಳ 1996ರಲ್ಲೇ ಪ್ರವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿತು. ಗಲ್ಫ್‌ನಲ್ಲಿದ್ದಾಗಲೇ ಕಂತು ಕಟ್ಟಿ 60ರ ನಂತರ ಪಿಂಚಣಿ ಪಡೆಯುವ ಕ್ಷೇಮನಿಧಿ ಅಲ್ಲಿದೆ. ತಲಪಾಡಿ ದಾಟಿದರೆ ಮಂಜೇಶ್ವರದ ಬ್ಯಾರಿಗೆ ಇದು ಸಿಗುತ್ತದೆ, ಉಳ್ಳಾಲದ ಬ್ಯಾರಿಗೆ ಸಿಗುವುದಿಲ್ಲ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಆದರೆ ಆ ಮಟ್ಟದ ಪಿಂಚಣಿ ವ್ಯವಸ್ಥೆ ಇಲ್ಲ. ಚುನಾವಣೆ ಬಂದಾಗ ನಮ್ಮ ಮನೆಗೆ ಬರುವವರ ಹತ್ತಿರ ಕೇಳಬೇಕಾದ ವಿಷಯಗಳಲ್ಲಿ ಇದೂ ಒಂದು. ಕೇಂದ್ರ ಸರಕಾರ 1983ರ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತರಲು 2025ರ ಅಕ್ಟೋಬರ್‌ನಲ್ಲಿ ಕರಡು ಮಸೂದೆಯನ್ನು ಜನರ ಮುಂದಿಟ್ಟಿತ್ತು. ನಮ್ಮ ಸಂಘಟನೆಗಳ ವೇದಿಕೆಗಳಲ್ಲಿ ಅದರ ಮಾತು ಬಂದದ್ದು ನಾನಂತೂ ಕೇಳಿಲ್ಲ.

ಮಸೀದಿ ಕಟ್ಟಡಕ್ಕೆ, ಮದ್ರಸಕ್ಕೆ, ಬಡ ಹೆಣ್ಣುಮಕ್ಕಳ ಮದುವೆಗೆ ಹಣ ಕಳಿಸುವ ಗಲ್ಫ್ ಸಮಿತಿಗಳು ನಮ್ಮ ಎಷ್ಟೋ ಜಮಾಅತ್‌ಗಳಿಗಿವೆ. ಆ ಸಮಿತಿಯಲ್ಲಿ ಅಕೌಂಟೆಂಟ್‌ಗಳಿದ್ದಾರೆ, ಎಚ್‌ಆರ್‌ನಲ್ಲಿ ದುಡಿಯುವವರಿದ್ದಾರೆ, ಅರಬಿ ಓದಬಲ್ಲವರಿದ್ದಾರೆ. ಊರಿನ ಹುಡುಗನಿಗೆ ಬಂದ ಆಫರ್ ಲೆಟರನ್ನು ಅವರಲ್ಲೊಬ್ಬರು ಹತ್ತು ನಿಮಿಷ ಓದಿ, ಕಂಪೆನಿ ಇದೆಯಾ ಇಲ್ಲವಾ ಎಂದು ಹೋಗಿ ನೋಡಿ ಬಂದರೆ ಒಂದು ಮನೆಯ ಚಿನ್ನ ಉಳಿಯುತ್ತದೆ. ಇದಕ್ಕೆ ಚಂದಾ ಎತ್ತಬೇಕಾಗಿಲ್ಲ. ಯುಎಇಯಲ್ಲಿ ಸಿಕ್ಕಿಬಿದ್ದವರಿಗೆ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ಫೋನ್ 800 46342, ಅದನ್ನು ಹೊರಡುವ ಹುಡುಗನ ಮೊಬೈಲ್‌ನಲ್ಲಿ ಹಾಕಿ ಕೊಡಿ.

ಎಲ್ಲ ಲೆಕ್ಕ ನೋಡಿ, ಕೆಲಸದ ವೀಸಾ ಕೈಗೆ ಬಂದು, ಹೋಗುವುದೇ ಎಂದು ತೀರ್ಮಾನಿಸಿದವರು ಊರಿನ ಕಸುಬನ್ನು ಒಂದೇ ಏಟಿಗೆ ಮುಗಿಸಿಬಿಡಬೇಡಿ. ಅಂಗಡಿಯ ಸಾಮಾನು ಸಿಕ್ಕಿದ ಬೆಲೆಗೆ ಮಾರಿ, ಅಡ್ವಾನ್ಸ್ ಹಿಂದೆ ಪಡೆದು, ಆ ಹಣವನ್ನೂ ಟಿಕೆಟ್‌ಗೆ ಹಾಕಿದವನು ಆರು ತಿಂಗಳಲ್ಲಿ ಬಂದರೆ ಶುರುಮಾಡುವುದು ಸೊನ್ನೆಯಿಂದ. ತಮ್ಮನನ್ನೋ ನಂಬಿಕೆಯ ಹುಡುಗನನ್ನೋ ಪಾಲಿಗೆ ಕೂರಿಸಿ ಒಂದು ವರ್ಷವಾದರೂ ಬಾಗಿಲು ತೆರೆದಿಡಿ. ಪಿಕಪ್ ಇದ್ದರೆ ಬಾಡಿಗೆಗೆ ಕೊಡಿ. ಲೈಸೆನ್ಸ್ ನವೀಕರಣದ ತಾರೀಕು, ಬಾಡಿಗೆ ಕರಾರು ಮುಗಿಯುವ ತಾರೀಕು, ಅಡವಿಟ್ಟ ಚಿನ್ನದ ಬಡ್ಡಿ ಕಟ್ಟುವ ತಾರೀಕು, ಈ ಮೂರನ್ನೂ ಬರೆದು ಹೆಂಡತಿಯ ಕೈಯಲ್ಲಿ ಕೊಟ್ಟು ಹೊರಡಿ.