ನವೀಕರಣದ ನಂತರ ನಿಧಾನವಾಗುವ ಗಣಕಯಂತ್ರ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಅವಧಿ ಮುಗಿಯಿತು. ಅದರ ಹಿಂದು ಮುಂದಿನ ತಿಂಗಳುಗಳಲ್ಲಿ ಅನೇಕ ಮನೆ, ಕಚೇರಿಗಳ ಗಣಕಯಂತ್ರಗಳು ವಿಂಡೋಸ್ 11ಕ್ಕೆ ಬಡ್ತಿ ಪಡೆದವು. ನವೀಕರಣದ ಬಳಿಕ ಯಂತ್ರವು ಆರಂಭಗೊಳ್ಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬ ದೂರು ಎಲ್ಲೆಡೆ ಇದೆ. ದುರಸ್ತಿಯವರಲ್ಲಿಗೆ ಒಯ್ದರೆ ಬಹುತೇಕ ಸಿಗುವ ಸಲಹೆ ಒಂದೇ: ಫಾರ್ಮ್ಯಾಟ್ ಮಾಡುವುದು. ಗಡಿನಾಡಿನ ಕನ್ನಡಿಗರು ಈ ಸಲಹೆಗೆ ತಲೆಯಾಡಿಸುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸುವುದು ಲೇಸು.

ಮೊದಲನೆಯದು ತಾಳ್ಮೆ. ನವೀಕರಣ ಮುಗಿಯಿತೆಂದು ಪರದೆಯ ಮೇಲೆ ಕಂಡರೂ ಹಿನ್ನೆಲೆಯಲ್ಲಿ ಕಡತಗಳ ಸೂಚಿ ಸಿದ್ಧಗೊಳ್ಳುವುದು, ಚಾಲಕ ತಂತ್ರಾಂಶಗಳು ಇಳಿಯುವುದು ಮುಂದುವರಿಯುತ್ತಿರುತ್ತದೆ. ಯಂತ್ರವನ್ನು ಕೆಲವು ಗಂಟೆ ಚಾಲನೆಯಲ್ಲಿಟ್ಟು, ಬಳಿಕ ಒಂದೆರಡು ಬಾರಿ 'ರೀಸ್ಟಾರ್ಟ್' ಮಾಡಿದರೆ ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ. 'ಶಟ್ ಡೌನ್' ಇದಕ್ಕೆ ಸಮವಲ್ಲ. 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಚಾಲ್ತಿಯಲ್ಲಿದ್ದರೆ ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ತೊಡಗುತ್ತದೆ.

ಎರಡನೆಯದು ಆರಂಭದಲ್ಲೇ ತಾವಾಗಿ ತೆರೆದುಕೊಳ್ಳುವ ತಂತ್ರಾಂಶಗಳ ಗುಂಪು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿನ 'ಸ್ಟಾರ್ಟಪ್ ಆ್ಯಪ್ಸ್' ಪಟ್ಟಿಯಲ್ಲಿ ದಿನನಿತ್ಯ ಬೇಡದವುಗಳನ್ನು ನಿಷ್ಕ್ರಿಯಗೊಳಿಸಬಹುದು. ವೈರಸ್ ತಡೆಯುವ ತಂತ್ರಾಂಶವನ್ನು ಮುಟ್ಟಬಾರದು.

ಮೂರನೆಯದು ಯಂತ್ರದ ಶಕ್ತಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಸಾಮರ್ಥ್ಯ ಬೇಕು. ಆ ಕನಿಷ್ಠದಲ್ಲಿ ಯಂತ್ರ ನಡೆಯುತ್ತದೆ, ಓಡುವುದಿಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದರಿಂದ ಆಗುವ ಲಾಭ ಬೇರಾವ ಉಪಾಯದಿಂದಲೂ ಆಗದು.

ಇಷ್ಟಾದರೂ ಗುಣ ಕಾಣದಿದ್ದರೆ, ಬಡ್ತಿ ಪಡೆದ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ 'ರಿಕವರಿ' ವಿಭಾಗದಿಂದ ಹಿಂದಿನ ಆವೃತ್ತಿಗೆ ಮರಳಲು ಅವಕಾಶವಿದೆ. ಜಾಗ ಉಳಿಸಲೆಂದು ಹಳೆಯ ವಿಂಡೋಸಿನ ಕಡತಗಳನ್ನು ಅಳಿಸಿದವರಿಗೆ ಈ ಬಾಗಿಲು ಮುಚ್ಚಿಹೋಗುತ್ತದೆ. ಬೆಂಬಲವಿಲ್ಲದ ಆವೃತ್ತಿಗೆ ಮರಳುವುದು ಶಾಶ್ವತ ಪರಿಹಾರವಲ್ಲ ಎಂಬುದೂ ನೆನಪಿನಲ್ಲಿರಬೇಕು.

ಫಾರ್ಮ್ಯಾಟ್ ಅನಿವಾರ್ಯವಾದಲ್ಲಿ ಕನ್ನಡಿಗರಿಗೆ ವಿಶೇಷವಾದ ಅಪಾಯವೊಂದಿದೆ. ಸಂಘಗಳ ನಡಾವಳಿ, ದೇವಸ್ಥಾನದ ಲೆಕ್ಕ, ಶಾಲಾ ಸಂಚಿಕೆ, ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿ ಮೊದಲಾದವು ವರ್ಷಗಟ್ಟಲೆ ನುಡಿ, ಬರಹಗಳ ಹಳೆಯ ಅಕ್ಷರ ಸಂಕೇತದಲ್ಲಿ ಟೈಪಾಗಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕನ್ನಡ ತಿಳಿಯದ ದುರಸ್ತಿಗಾರನಿಗೆ ಅದು ಕೆಟ್ಟುಹೋದ ಕಡತವೆಂದೇ ತೋರಿ, ಅಳಿಸಿಬಿಟ್ಟರೆ ಆಶ್ಚರ್ಯವಿಲ್ಲ.

ಆದುದರಿಂದ ಯಂತ್ರವನ್ನು ಮತ್ತೊಬ್ಬರ ಕೈಗೆ ಕೊಡುವ ಮೊದಲು ಕಡತಗಳ ಜೊತೆಗೆ ಫಾಂಟ್‌ಗಳನ್ನೂ ಪೆನ್ ಡ್ರೈವಿಗೋ ಹೊರಗಿನ ಡಿಸ್ಕಿಗೋ ನಕಲಿಸಿಕೊಂಡು, ಆ ನಕಲು ಬೇರೆ ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಬೇಕು. ಬಿಡುವಾದಾಗ ಅವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಮನೆಯ ವಿಂಡೋಸಿನಲ್ಲೂ, ಕೇರಳದ ಶಾಲೆಗಳಲ್ಲಿರುವ ಉಬುಂಟು ಆಧಾರಿತ ಯಂತ್ರಗಳಲ್ಲೂ, ಮೊಬೈಲಿನಲ್ಲೂ ಒಂದೇ ರೀತಿ ಓದಬಹುದು. ಯಂತ್ರ ಎರಡು ನಿಮಿಷ ತಡವಾಗಿ ಎದ್ದರೆ ಆಗುವ ನಷ್ಟ ಎರಡು ನಿಮಿಷದ್ದು. ಇಪ್ಪತ್ತು ವರ್ಷಗಳ ಬರಹ ಅಳಿದರೆ ಅದನ್ನು ಮರಳಿ ತರುವ ನವೀಕರಣ ಯಾವುದೂ ಇಲ್ಲ.